ವಿಂಡೋಸ್ 11 ಹಾಕಿಸಿದರೆ ಹಳೆಯ ಕನ್ನಡ ಫೈಲುಗಳು ಹೋಗಿಬಿಡುತ್ತವೆಯೇ? ಫಾರ್ಮ್ಯಾಟ್ ಮಾಡಿಸುವ ಮುನ್ನ ಇದನ್ನು ಓದಿ

ವಿಂಡೋಸ್ 10 ಬಂದ್ ಆಯಿತು, ವಿಂಡೋಸ್ 11 ಹಾಕಿಸಿದರೆ ಹಳೆಯ ನುಡಿ ಮತ್ತು ಪೇಜ್‌ಮೇಕರ್ ಫೈಲುಗಳೆಲ್ಲ ಅಳಿಸಿಹೋಗುತ್ತವೆ, ವರ್ಚುವಲ್ ಮಷಿನ್ ಓಡುವುದೇ ಇಲ್ಲ, ಉಳಿದಿರುವ ದಾರಿ ಫಾರ್ಮ್ಯಾಟ್ ಒಂದೇ. ಈ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಡಿಟಿಪಿ ಅಂಗಡಿ ಇಟ್ಟವರು, ಮಠ-ಸಂಘಗಳ ಕಚೇರಿ ಕೆಲಸ ನೋಡುವವರು, ಶಾಲೆಯ ಸ್ಮರಣ ಸಂಚಿಕೆ ಮಾಡಿದವರು ಇದನ್ನು ಓದಿ ಗಾಬರಿಯಾಗುವುದು ಸಹಜ.

ಹುನಗುಂದ, ಇಳಕಲ್ಲ, ಬಾದಾಮಿಯಂಥ ಊರುಗಳಲ್ಲಿ ಒಂದು ಡಿಟಿಪಿ ಅಂಗಡಿಯ ಕಂಪ್ಯೂಟರೆಂದರೆ ಊರಿನ ದಫ್ತರವಿದ್ದಂತೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರಿ ಸಂಘದ ವಾರ್ಷಿಕ ವರದಿ, ಯಾರೋ ಹಿರಿಯರು ಕೈಯಾರೆ ಬರೆದು ಟೈಪ್ ಮಾಡಿಸಿದ ಪುಸ್ತಕ, ಎಲ್ಲವೂ ಅಲ್ಲಿರುತ್ತವೆ. ಇಪ್ಪತ್ತು ವರ್ಷದ ಕೆಲಸ ಒಂದು ಹಾರ್ಡ್‌ಡಿಸ್ಕಿನಲ್ಲಿದ್ದಾಗ ಒಂದು ತಪ್ಪು ಸಲಹೆ ದೊಡ್ಡ ನಷ್ಟ ಮಾಡಬಲ್ಲದು. ಆದ್ದರಿಂದ ಈ ಸಂದೇಶದಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು ಎಂದು ಬಿಡಿಸಿ ನೋಡೋಣ.

ಚಿಕ್ಕ ಉತ್ತರ

ವಿಂಡೋಸ್ ಬದಲಾದ ಮೇಲೆ ವರ್ಚುವಲ್ ಮಷಿನ್ ತೆರೆಯದಿದ್ದರೆ ಅದರೊಳಗಿನ ಫೈಲುಗಳು ಅಳಿಸಿಹೋಗಿವೆ ಎಂದಲ್ಲ. ಬಹುತೇಕ ಸಂದರ್ಭಗಳಲ್ಲಿ ಅವು ಇದ್ದಲ್ಲೇ ಇರುತ್ತವೆ. ಹೊರಗಿನ ವಿಂಡೋಸ್‌ಗೂ ಒಳಗಿನ ಹಳೆಯ ವಿಂಡೋಸ್‌ಗೂ ನಡುವೆ ಇರುವ ಕೊಂಡಿ ಮಾತ್ರ ಕಳಚಿರುತ್ತದೆ. ಕೊಂಡಿಯನ್ನು ಮತ್ತೆ ಹಾಕಬಹುದು. ಆದರೆ ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಿಸಿದರೆ ಇದ್ದ ಫೈಲೂ ಹೋಗುತ್ತದೆ.

ವರ್ಚುವಲ್ ಮಷಿನ್ ಎಂದರೇನು?

ನಿಮ್ಮ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಇದೆ ಎಂದು ನಟಿಸುವ ತಂತ್ರಾಂಶವೇ ವರ್ಚುವಲ್ ಮಷಿನ್. ಒರಾಕಲ್ ಕಂಪನಿಯ ವರ್ಚುವಲ್‌ಬಾಕ್ಸ್, ವಿಎಂವೇರ್ ವರ್ಕ್‌ಸ್ಟೇಷನ್, ಮೈಕ್ರೋಸಾಫ್ಟ್‌ನ ಹೈಪರ್-ವಿ ಇವುಗಳಲ್ಲಿ ಹೆಸರುವಾಸಿಯಾದವು. ಹೊರಗೆ ವಿಂಡೋಸ್ 11 ಇರುತ್ತದೆ. ಅದರ ಮೇಲೆ ಒಂದು ಕಿಟಕಿಯಲ್ಲಿ ವಿಂಡೋಸ್ ಎಕ್ಸ್‌ಪಿ ಓಡುತ್ತಿರುತ್ತದೆ. ಒಳಗಿನ ಎಕ್ಸ್‌ಪಿಗೆ ತಾನು ನಿಜವಾದ ಯಂತ್ರದ ಮೇಲೇ ಇದ್ದೇನೆ ಎಂಬ ಭಾವನೆ. ಅದರ ಇಡೀ ಹಾರ್ಡ್‌ಡಿಸ್ಕ್ ಹೊರಗಿನ ಕಂಪ್ಯೂಟರಿಗೆ ಒಂದು ದೊಡ್ಡ ಫೈಲು, ಅಷ್ಟೇ.

ಇಳಕಲ್ಲ ಸೀರೆ ನೆನಪಿಸಿಕೊಳ್ಳಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಕೊಂಡಿ ಬಿಟ್ಟುಕೊಂಡರೆ ಸೆರಗಿನ ನೂಲು ಹಾಳಾಯಿತು ಎನ್ನುವುದಿಲ್ಲ. ಇಲ್ಲಿಯೂ ಹಾಗೆಯೇ. ಒಡಲು ಬದಲಾಗಿದೆ, ಸೆರಗು ಹಾಗೆಯೇ ಇದೆ.

ಅಂಗಡಿಗಳಲ್ಲಿ ಇದು ಏಕೆ ಬೇಕಾಯಿತು?

‘ಬರಹ’ ತಂತ್ರಾಂಶದಲ್ಲಿ ಅಥವಾ ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ ರೂಪಿಸಿದ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುವುದು ಬಹಳ ಕಾಲದ ರೂಢಿ. ನುಡಿ, ಬರಹ ಹೊಸ ವಿಂಡೋಸ್‌ನಲ್ಲೂ ನೇರವಾಗಿ ಓಡಬಲ್ಲವು. ಅವುಗಳಿಗಾಗಿಯೇ ವರ್ಚುವಲ್ ಮಷಿನ್ ಬೇಕೆಂದಿಲ್ಲ. ತೊಂದರೆ ಇರುವುದು ಬೇರೆ ಕಡೆ. ವಿಂಡೋಸ್ 11 ಬರುವುದು 64-ಬಿಟ್ ರೂಪದಲ್ಲಿ ಮಾತ್ರ. ಅದರಲ್ಲಿ 32-ಬಿಟ್ ತಂತ್ರಾಂಶ ಓಡುತ್ತದೆ, ಆದರೆ 32-ಬಿಟ್ ಡ್ರೈವರ್ ಓಡುವುದಿಲ್ಲ. 16-ಬಿಟ್ ತಂತ್ರಾಂಶಗಳಂತೂ ಇಲ್ಲವೇ ಇಲ್ಲ.

ಹೀಗಾಗಿ ಹಳೆಯ ಪ್ರಿಂಟರ್, ಹಳೆಯ ಸ್ಕ್ಯಾನರ್, ಬೀಗದ ಕೈಯಂತೆ ಯುಎಸ್‌ಬಿಗೆ ಸಿಕ್ಕಿಸುವ ಡಾಂಗಲ್ ಇದ್ದರೆ ಮಾತ್ರ ತೆರೆಯುವ ಡಿಟಿಪಿ ತಂತ್ರಾಂಶ ಇವೆಲ್ಲ ಹೊಸ ವಿಂಡೋಸ್‌ನಲ್ಲಿ ಕೈಕೊಡಬಹುದು. ಇಂಥವಕ್ಕಾಗಿ ಎಷ್ಟೋ ಕಡೆ ಎಕ್ಸ್‌ಪಿಯನ್ನು ವರ್ಚುವಲ್ ಮಷಿನ್‌ನೊಳಗೆ ಉಳಿಸಿಕೊಂಡಿದ್ದಾರೆ.

ಸಂದೇಶ 1: ‘ವಿಂಡೋಸ್ 10 ಬಂದ್, ಕಂಪ್ಯೂಟರ್ ನಿಂತುಹೋಗುತ್ತದೆ’

ಅರ್ಧ ಸತ್ಯ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಕಂಪ್ಯೂಟರ್ ನಿಲ್ಲುವುದಿಲ್ಲ, ಫೈಲುಗಳೂ ಹೋಗುವುದಿಲ್ಲ. ನಿಲ್ಲುವುದು ಭದ್ರತಾ ಅಪ್‌ಡೇಟ್. ಮನೆಬಳಕೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಭದ್ರತಾ ಅಪ್‌ಡೇಟ್ ಕೊಡುವುದಾಗಿಯೂ ಕಂಪನಿ ಪ್ರಕಟಿಸಿತು. ಅಂದರೆ ಬದಲಾವಣೆ ಬೇಕು ನಿಜ, ಆದರೆ ಲಗ್ನದ ಹಂಗಾಮಿನ ನಡುವೆ ಒಂದೇ ರಾತ್ರಿಯಲ್ಲಿ ಮಾಡುವ ತುರ್ತು ಇಲ್ಲ.

ಸಂದೇಶ 2: ‘ಹೊಸ ವಿಂಡೋಸ್ ಹಾಕಿದರೆ ಎಲ್ಲ ಅಳಿಸುತ್ತದೆ’

ಇದು ಹೇಗೆ ಹಾಕುತ್ತೀರಿ ಎಂಬುದರ ಮೇಲಿದೆ. ವಿಂಡೋಸ್ 10ರಿಂದ 11ಕ್ಕೆ ‘ಅಪ್‌ಗ್ರೇಡ್’ ಮಾಡಿದರೆ ಫೈಲುಗಳು ಉಳಿಯುತ್ತವೆ. ಮೊದಲ ಹತ್ತು ದಿನ ಹಳೆಯ ವಿಂಡೋಸ್‌ಗೆ ಮರಳುವ ಅವಕಾಶವೂ ಇರುತ್ತದೆ. ಅಂಗಡಿಯವರು ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿದರೆ ಹೋಗುತ್ತವೆ. ಫಾರ್ಮ್ಯಾಟ್ ಮಾಡದೆ ಅದೇ ಡ್ರೈವಿನ ಮೇಲೆ ಹೊಸ ವಿಂಡೋಸ್ ಹಾಕಿದ್ದರೆ ಹಳೆಯ ಫೈಲುಗಳು ಸಿ ಡ್ರೈವಿನಲ್ಲಿ ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರಿನಲ್ಲಿ ಸಿಗುತ್ತವೆ. ಕೆಲವು ದಿನಗಳ ನಂತರ ವಿಂಡೋಸ್ ಆ ಫೋಲ್ಡರನ್ನು ತಾನಾಗಿಯೇ ಅಳಿಸುತ್ತದೆ. ಹಾಗಾಗಿ ಅಲ್ಲಿ ನೋಡುವುದಿದ್ದರೆ ಇವತ್ತೇ ನೋಡಿ.

ಮೊದಲ ಕೆಲಸ: ಹುಡುಕಿ, ನಕಲು ಮಾಡಿ

ರಿಪೇರಿಗೆ ಕೈ ಹಾಕುವ ಮುನ್ನ ಆ ದೊಡ್ಡ ಫೈಲನ್ನು ಹುಡುಕಿ. ವರ್ಚುವಲ್‌ಬಾಕ್ಸ್ ಆದರೆ ಸಿ ಡ್ರೈವ್, ‘ಯೂಸರ್ಸ್’, ನಿಮ್ಮ ಹೆಸರಿನ ಫೋಲ್ಡರ್, ಅದರೊಳಗೆ ‘ವರ್ಚುವಲ್‌ಬಾಕ್ಸ್ ವಿಎಂಸ್’ ಎಂದಿರುತ್ತದೆ. ಡಿಸ್ಕ್ ಫೈಲಿನ ಹೆಸರು ಸಾಮಾನ್ಯವಾಗಿ ‘ವಿಡಿಐ’ ಎಂದು ಮುಗಿಯುತ್ತದೆ. ವಿಎಂವೇರ್ ಆದರೆ ‘ಡಾಕ್ಯುಮೆಂಟ್ಸ್’ ಒಳಗೆ ‘ವರ್ಚುವಲ್ ಮಷಿನ್ಸ್’ ಫೋಲ್ಡರ್ ನೋಡಿ. ಅಲ್ಲಿ ಫೈಲು ‘ವಿಎಂಡಿಕೆ’ ಎಂದು ಮುಗಿಯುತ್ತದೆ.

ನಕಲು ಮಾಡುವಾಗ ಮೂರು ಎಚ್ಚರಿಕೆ:

- ಇಡೀ ಫೋಲ್ಡರ್ ನಕಲು ಮಾಡಿ. ಹಿಂದೆ ಯಾವಾಗಲಾದರೂ ‘ಸ್ನ್ಯಾಪ್‌ಶಾಟ್’ ತೆಗೆದಿದ್ದರೆ ಆಮೇಲಿನ ಕೆಲಸವೆಲ್ಲ ಬೇರೆ ಫೈಲುಗಳಲ್ಲಿರುತ್ತದೆ. ಬರೀ ಮುಖ್ಯ ವಿಡಿಐ ಒಯ್ದರೆ ಹಳೆಯ ಸ್ಥಿತಿ ಮಾತ್ರ ಸಿಗುತ್ತದೆ.
- ವರ್ಚುವಲ್ ಮಷಿನ್ ಪೂರ್ತಿ ನಿಂತಿರಬೇಕು. ಓಡುತ್ತಿರುವಾಗ ಮಾಡಿದ ನಕಲು ನಂಬಿಕೆಗೆ ಅರ್ಹವಲ್ಲ.
- ಪೆನ್‌ಡ್ರೈವ್ ‘ಫ್ಯಾಟ್32’ ಮಾದರಿಯದಾಗಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲು ಅದರಲ್ಲಿ ಹಿಡಿಯುವುದಿಲ್ಲ. ಜಾಗ ಎಷ್ಟೇ ಇದ್ದರೂ ‘ಫೈಲು ತುಂಬಾ ದೊಡ್ಡದು’ ಎನ್ನುತ್ತದೆ. ಡಿಸ್ಕ್ ಕೆಟ್ಟಿದೆ ಎಂದುಕೊಳ್ಳಬೇಡಿ. ‘ಎಕ್ಸ್‌ಫ್ಯಾಟ್’ ಅಥವಾ ‘ಎನ್‌ಟಿಎಫ್‌ಎಸ್’ ಮಾದರಿಯ ಡ್ರೈವ್ ಬಳಸಿ.

ನಕಲು ಕೈಗೆ ಬಂದ ಮೇಲೆ ಹೆದರಿಕೆ ಅರ್ಧ ಕಡಿಮೆಯಾಯಿತು. ಇನ್ನು ರಿಪೇರಿ ನೋಡೋಣ.

ತೆರೆಯದಿರಲು ಸಾಮಾನ್ಯ ಕಾರಣಗಳು

*1. ಪ್ರೊಸೆಸರಿನ ಸೌಲಭ್ಯ ಆಫ್ ಆಗಿದೆ.* ವರ್ಚುವಲ್ ಮಷಿನ್ ಚೆನ್ನಾಗಿ ಓಡಲು ಪ್ರೊಸೆಸರಿನಲ್ಲೇ ಒಂದು ವಿಶೇಷ ಸೌಲಭ್ಯವಿದೆ. ಇಂಟೆಲ್‌ನಲ್ಲಿ ಅದಕ್ಕೆ ವಿಟಿ-ಎಕ್ಸ್ ಎಂದೂ ಎಎಂಡಿಯಲ್ಲಿ ಎಎಂಡಿ-ವಿ ಎಂದೂ ಹೆಸರು. ಬಯಾಸ್‌ನಲ್ಲಿ ಎಎಂಡಿಯದು ‘ಎಸ್‌ವಿಎಂ’ ಎಂದು ಕಾಣಬಹುದು. ವಿಂಡೋಸ್ 11ಕ್ಕೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಬೇಕು. ಅವನ್ನು ಚಾಲೂ ಮಾಡಲು ಬಯಾಸ್ ಅಪ್‌ಡೇಟ್ ಅಥವಾ ರಿಸೆಟ್ ಮಾಡಿದಾಗ ಈ ಸೌಲಭ್ಯ ಆಫ್ ಆಗಿಬಿಡುವುದುಂಟು.

ನೋಡುವುದು ಸುಲಭ. ‘ಟಾಸ್ಕ್ ಮ್ಯಾನೇಜರ್’ ತೆರೆದು ‘ಪರ್ಫಾರ್ಮೆನ್ಸ್’ ವಿಭಾಗದಲ್ಲಿ ‘ಸಿಪಿಯು’ ಒತ್ತಿ. ಕೆಳಗೆ ‘ವರ್ಚುವಲೈಸೇಷನ್’ ಎದುರು ‘ಎನೇಬಲ್ಡ್’ ಎಂದಿರಬೇಕು. ‘ಡಿಸೇಬಲ್ಡ್’ ಎಂದಿದ್ದರೆ ಬಯಾಸ್‌ಗೆ ಹೋಗಿ ಚಾಲೂ ಮಾಡಬೇಕು.

ಆದರೆ ಬಯಾಸ್ ಮುಟ್ಟುವ ಮುನ್ನ ಒಂದು ಮಾತು. ವಿಂಡೋಸ್ 11ರ ಎಷ್ಟೋ ಕಂಪ್ಯೂಟರುಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿರುತ್ತದೆ. ಬಯಾಸ್‌ನಲ್ಲಿ ಬದಲಾವಣೆ ಮಾಡಿದರೆ ಮುಂದಿನ ಸಲ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಡಿಸ್ಕಿನಲ್ಲಿ ಇದ್ದದ್ದು ಯಾವುದೂ ಕೈಗೆ ಸಿಗುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇದೆಯೇ ನೋಡಿ, ಕಾಗದದ ಮೇಲೆ ಬರೆದಿಟ್ಟುಕೊಂಡು ಆಮೇಲೆ ಮುಂದುವರಿಯಿರಿ.

*2. ಆ ಸೌಲಭ್ಯವನ್ನು ವಿಂಡೋಸ್ ತಾನೇ ಹಿಡಿದುಕೊಂಡಿದೆ.* ವಿಂಡೋಸ್ 11 ತನ್ನ ಭದ್ರತೆಗಾಗಿ ಅದೇ ವಿಟಿ-ಎಕ್ಸ್ ಬಳಸುತ್ತದೆ. ‘ಮೆಮೊರಿ ಇಂಟೆಗ್ರಿಟಿ’ ಎಂಬ ರಕ್ಷಣೆ ಈ ತಂತ್ರದ ಮೇಲೆ ನಿಂತಿದೆ. ಹೊಸದಾಗಿ ಅಳವಡಿಸಿದ ವಿಂಡೋಸ್ 11ರಲ್ಲಿ, ಯಂತ್ರ ಹೊಂದಿಕೆಯಾದರೆ, ಇದು ಸಾಮಾನ್ಯವಾಗಿ ಮೊದಲೇ ಚಾಲೂ ಇರುತ್ತದೆ. ಒಂದೇ ಬಾವಿಗೆ ಇಬ್ಬರು ಹಗ್ಗ ಬಿಟ್ಟಂತೆ, ವಿಂಡೋಸ್ ಮೊದಲು ಹಿಡಿದರೆ ವರ್ಚುವಲ್‌ಬಾಕ್ಸ್‌ಗೆ ನೇರವಾಗಿ ಸಿಗುವುದಿಲ್ಲ.

ವರ್ಚುವಲ್‌ಬಾಕ್ಸ್ 6.0ಕ್ಕಿಂತ ಹಳೆಯದು ಇಂಥ ಯಂತ್ರದಲ್ಲಿ ಎರರ್ ಕೊಟ್ಟು ನಿಲ್ಲುತ್ತದೆ. ವಿಎಂವೇರ್ ವರ್ಕ್‌ಸ್ಟೇಷನ್ 15.5.5ಕ್ಕಿಂತ ಹಳೆಯದೂ ಅಷ್ಟೇ. ಹೊಸ ಆವೃತ್ತಿಗಳು ವಿಂಡೋಸ್‌ನ ಮೂಲಕವೇ ಕೆಲಸ ಮಾಡುತ್ತವೆ, ಸ್ವಲ್ಪ ನಿಧಾನವಾಗಿ. ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗಡೆ ಹಸಿರು ಆಮೆಯ ಚಿತ್ರ ಕಂಡರೆ ಅದು ವೈರಸ್ ಅಲ್ಲ. ‘ನಾನು ಸುತ್ತುದಾರಿಯಲ್ಲಿ ಓಡುತ್ತಿದ್ದೇನೆ’ ಎಂಬ ಸೂಚನೆ ಅದು. ಆದ್ದರಿಂದ ಮೊದಲ ಪರಿಹಾರ ವರ್ಚುವಲ್ ಮಷಿನ್ ತಂತ್ರಾಂಶದ ಹೊಸ ಆವೃತ್ತಿಯನ್ನು ಅಧಿಕೃತ ಜಾಲತಾಣದಿಂದ ಹಾಕಿಕೊಳ್ಳುವುದು. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ 2024ರ ನವೆಂಬರ್‌ನಿಂದ ಎಲ್ಲರಿಗೂ ಉಚಿತ. ವರ್ಚುವಲ್‌ಬಾಕ್ಸ್ ಮೊದಲಿನಿಂದಲೂ ಉಚಿತ. ಆದರೆ ಅದರ ‘ಎಕ್ಸ್‌ಟೆನ್ಷನ್ ಪ್ಯಾಕ್’ ಸ್ವಂತ ಬಳಕೆಗೆ ಮಾತ್ರ ಉಚಿತ, ವ್ಯಾಪಾರಕ್ಕೆ ಪರವಾನಗಿ ಬೇಕು.

*3. ಅರ್ಧಕ್ಕೆ ನಿಲ್ಲಿಸಿಟ್ಟ ಸ್ಥಿತಿ.* ವಿಂಡೋಸ್ ಬದಲಾಯಿಸುವ ಮುನ್ನ ಎಕ್ಸ್‌ಪಿಯನ್ನು ಶಟ್‌ಡೌನ್ ಮಾಡದೆ ‘ಸೇವ್ ಸ್ಟೇಟ್’ ಮಾಡಿಟ್ಟಿದ್ದರೆ ಹೊಸ ಆವೃತ್ತಿಗೆ ಅದನ್ನು ಎತ್ತಿಕೊಳ್ಳಲು ಆಗದಿರಬಹುದು. ಆಗ ‘ಡಿಸ್ಕಾರ್ಡ್ ಸೇವ್ಡ್ ಸ್ಟೇಟ್’ ಆಯ್ಕೆ ಇದೆ. ಇದು ಡಿಸ್ಕನ್ನು ಅಳಿಸುವುದಿಲ್ಲ. ಕರೆಂಟು ಹೋಗಿ ಬಂದಾಗ ಹೇಗೋ ಹಾಗೆ, ಸೇವ್ ಮಾಡದ ಕೆಲಸವಷ್ಟೇ ಹೋಗುತ್ತದೆ.

*4. ಪಟ್ಟಿಯೇ ಖಾಲಿ.* ವರ್ಚುವಲ್‌ಬಾಕ್ಸ್ ಹೊಸದಾಗಿ ಹಾಕಿದಾಗ ಹಳೆಯ ಮಷಿನ್ ಪಟ್ಟಿಯಲ್ಲಿ ಕಾಣುವುದಿಲ್ಲ. ‘ಮಷಿನ್’ ಮೆನುವಿನಲ್ಲಿ ‘ಆ್ಯಡ್’ ಒತ್ತಿ, ಹಳೆಯ ಫೋಲ್ಡರಿನಲ್ಲಿ ‘ವಿಬಾಕ್ಸ್’ ಎಂದು ಮುಗಿಯುವ ಫೈಲನ್ನು ತೋರಿಸಿ. ಆ ಫೈಲು ಕಳೆದುಹೋಗಿದ್ದು ಸ್ನ್ಯಾಪ್‌ಶಾಟ್‌ಗಳಿಲ್ಲದ ವಿಡಿಐ ಮಾತ್ರ ಇದ್ದರೆ, ಹೊಸ ಮಷಿನ್ ಮಾಡಿ, ಬಗೆ ‘ವಿಂಡೋಸ್ ಎಕ್ಸ್‌ಪಿ’ ಎಂದು ಆಯ್ದು, ಇರುವ ಡಿಸ್ಕನ್ನೇ ಜೋಡಿಸಿ. ಎಕ್ಸ್‌ಪಿ ನೀಲಿ ಪರದೆ ತೋರಿಸಿ ಮತ್ತೆ ಮತ್ತೆ ಶುರುವಾಗುತ್ತಿದ್ದರೆ ಡಿಸ್ಕನ್ನು ‘ಸಾಟಾ’ ಕಂಟ್ರೋಲರಿಗೆ ಜೋಡಿಸಿದ್ದೀರೇ ನೋಡಿ. ಎಕ್ಸ್‌ಪಿಯಲ್ಲಿ ಅದರ ಡ್ರೈವರ್ ಮೂಲದಲ್ಲಿ ಇಲ್ಲ. ‘ಐಡಿಇ’ಗೆ ಬದಲಾಯಿಸಿದರೆ ಸರಿಹೋಗಬಹುದು.

*5. ತೆರೆಯಿತು, ಆದರೆ ಪ್ರಿಂಟರ್, ಡಾಂಗಲ್, ಹಂಚಿಕೆಯ ಫೋಲ್ಡರ್ ಕಾಣುತ್ತಿಲ್ಲ.* ಯುಎಸ್‌ಬಿ ಸಾಧನವನ್ನು ಒಳಗಿನ ಮಷಿನ್‌ಗೆ ಕೊಡುವ ಡ್ರೈವರ್ ಹೊರಗಿನ ವಿಂಡೋಸ್‌ನಲ್ಲಿರುತ್ತದೆ. ವಿಂಡೋಸ್ ಬದಲಾದಾಗ ಅದು ಬಿಟ್ಟುಹೋಗಬಹುದು. ವರ್ಚುವಲ್‌ಬಾಕ್ಸ್ ಇನ್‌ಸ್ಟಾಲರನ್ನು ಮತ್ತೆ ಓಡಿಸಿ ‘ರಿಪೇರ್’ ಆಯ್ಕೆ ಮಾಡಿ. ಆಮೇಲೆ ‘ಡಿವೈಸಸ್’ ಮೆನುವಿನ ‘ಯುಎಸ್‌ಬಿ’ ಪಟ್ಟಿಯಲ್ಲಿ ಡಾಂಗಲ್‌ಗೆ ಗುರುತು ಹಾಕಿ. ಹಂಚಿಕೆಯ ಫೋಲ್ಡರ್ ಹಳೆಯ ವಿಳಾಸವನ್ನೇ ಹುಡುಕುತ್ತಿದ್ದರೆ ಸೆಟ್ಟಿಂಗ್‌ನಲ್ಲಿ ಹೊಸ ವಿಳಾಸ ಕೊಡಿ.

ವಿಂಡೋಸ್ ಬಿಟ್ಟು ಉಬುಂಟುವಿನಂಥ ಲಿನಕ್ಸ್‌ಗೆ ಹೋದವರಿಗೂ ಇದೇ ಬಗೆಯ ತೊಡಕುಗಳಿವೆ. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಸಹಿ ಇಲ್ಲದ ವರ್ಚುವಲ್‌ಬಾಕ್ಸ್ ಡ್ರೈವರನ್ನು ಲಿನಕ್ಸ್ ಒಳಬಿಡುವುದಿಲ್ಲ. ಕರ್ನಲ್ 6.12ರ ನಂತರ ಲಿನಕ್ಸ್‌ನದೇ ಆದ ಕೆವಿಎಂ ಮೊದಲೇ ವಿಟಿ-ಎಕ್ಸ್ ಹಿಡಿದು ಕೂರಬಹುದು. ಅಲ್ಲಿಯೂ ಕಳಚಿರುವುದು ಕೊಂಡಿಯೇ, ಡಿಸ್ಕ್ ಅಲ್ಲ.

ಸಂದೇಶ 3: ‘ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿ, ಎಲ್ಲ ಸರಿಯಾಗುತ್ತದೆ’

ಕೆಲವೊಮ್ಮೆ ಸರಿಯಾಗುವುದು ನಿಜ, ಆದರೆ ಬೆಲೆ ಇದೆ. ಕೆಟ್ಟ ಉದ್ದೇಶದ ಡ್ರೈವರುಗಳು ವಿಂಡೋಸ್‌ನ ಆಳಕ್ಕೆ ಇಳಿಯದಂತೆ ತಡೆಯುವ ಬಾಗಿಲು ಅದು. ಅಂಗಡಿಯ ಕಂಪ್ಯೂಟರಿಗೆ ದಿನಕ್ಕೆ ಹತ್ತಾರು ಗ್ರಾಹಕರ ಪೆನ್‌ಡ್ರೈವ್ ಬರುತ್ತವೆ, ಅದರಲ್ಲೇ ಬ್ಯಾಂಕ್ ಕೆಲಸವೂ ನಡೆಯುತ್ತದೆ. ಅಲ್ಲಿ ಈ ಬಾಗಿಲು ತೆರೆದಿಡುವುದು ಜಾಣತನವಲ್ಲ. ಹಳೆಯ ಪೇಜ್‌ಮೇಕರ್‌ನಂಥ ಕೆಲಸಕ್ಕೆ ಆಮೆಯ ವೇಗವೂ ಸಾಕಾಗುತ್ತದೆ. ಹೊಸ ಆವೃತ್ತಿ ಹಾಕಿ ನೋಡಿ. ಬೇರೆ ದಾರಿಯೇ ಇಲ್ಲದಿದ್ದರೆ ತಾತ್ಕಾಲಿಕವಾಗಿ ಆಫ್ ಮಾಡಿ, ಫೈಲುಗಳನ್ನು ಹೊರತೆಗೆದು ಮತ್ತೆ ಚಾಲೂ ಮಾಡಿ.

ಸಂದೇಶ 4: ‘ರೆಡಿಮೇಡ್ ಎಕ್ಸ್‌ಪಿ ಇಮೇಜ್ ಇಲ್ಲಿದೆ, ಡೌನ್‌ಲೋಡ್ ಮಾಡಿ’

ಬೇಡ. ಯಾರೋ ಮಾಡಿಟ್ಟ ಇಮೇಜಿನೊಳಗೆ ಏನಿದೆ ಎಂಬುದು ನಿಮಗೆ ಕಾಣುವುದಿಲ್ಲ. ‘ಮೈಕ್ರೋಸಾಫ್ಟ್‌ನಿಂದ ಮಾತಾಡುತ್ತಿದ್ದೇವೆ, ರಿಮೋಟ್ ಆ್ಯಪ್ ಹಾಕಿ’ ಎಂದು ಬರುವ ಕರೆಯನ್ನೂ ನಂಬಬೇಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಿಮ್ಮದೇ ಎಕ್ಸ್‌ಪಿ ಇದ್ದರೂ ಒಂದು ನಿಯಮ ಪಾಲಿಸಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ವರ್ಚುವಲ್ ಮಷಿನ್‌ನ ಸೆಟ್ಟಿಂಗ್‌ನಲ್ಲಿ ಅದರ ನೆಟ್‌ವರ್ಕ್ ಕಡಿದುಬಿಡಿ. ಟೈಪ್ ಮಾಡಲು, ಪುಟ ಕಟ್ಟಲು ಅದಕ್ಕೆ ಇಂಟರ್ನೆಟ್ ಬೇಕಿಲ್ಲ.

ಫೈಲು ಸಿಕ್ಕಿತು, ಆದರೆ ಅಕ್ಷರವೆಲ್ಲ ಗೋಜಲು

ವರ್ಚುವಲ್ ಮಷಿನ್‌ನಿಂದ ಹೊರತೆಗೆದ ಫೈಲು ಹೊಸ ವಿಂಡೋಸ್‌ನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗುಂಪಾಗಿ ಕಂಡರೆ ‘ಫೈಲು ಕೆಟ್ಟಿದೆ’ ಎಂದು ಅಳಿಸಬೇಡಿ. ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು. ಹಳೆಯ ನುಡಿ ಬರಹವನ್ನು ವಾಟ್ಸಾಪ್‌ಗೆ ಅಂಟಿಸಿದಾಗ ಓದಲಾಗದಿರುವುದೂ ಇದಕ್ಕೇ. ‘ನುಡಿ 01 ಇ’ಯಂಥ ಫಾಂಟನ್ನು ಮತ್ತೆ ಹಾಕಿದರೆ ಅಕ್ಷರಗಳು ಮರಳಿ ಬರುತ್ತವೆ.

ಶಾಶ್ವತ ಪರಿಹಾರ ಯೂನಿಕೋಡ್. ಇದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಜಗತ್ತಿನಲ್ಲೆಲ್ಲ ಒಂದೇ ಸಂಖ್ಯೆ. ಹಾಗಾಗಿ ಮೊಬೈಲ್, ವಿಂಡೋಸ್, ಲಿನಕ್ಸ್ ಎಲ್ಲೆಡೆ ಓದಬಹುದು. ನುಡಿ ಮತ್ತು ಬರಹ ಎರಡರಲ್ಲೂ ಹಳೆಯ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಬೇಕು. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವು ಅರ್ಥವಿಲ್ಲದ ಕನ್ನಡವಾಗಿ ಬದಲಾಗುತ್ತವೆ, ಅವನ್ನು ಮೊದಲೇ ಬೇರ್ಪಡಿಸಿ.

ಎಲ್ಲವನ್ನೂ ಒಮ್ಮೆಲೇ ಮಾಡಬೇಕಾಗಿಲ್ಲ. ಮತ್ತೆ ಅಚ್ಚಾಗಬಹುದಾದ ಪುಸ್ತಕ, ಸಂಘದ ದಾಖಲೆ, ಹಿರಿಯರ ಬರಹ ಮೊದಲು. ಕಳೆದ ವರ್ಷದ ಲಗ್ನಪತ್ರಿಕೆ ಆಮೇಲೆ. ಪುಟದ ವಿನ್ಯಾಸವೂ ಬೇಕಿದ್ದರೆ ಅದರ ಪಿಡಿಎಫ್ ಒಂದನ್ನು ಜೊತೆಗಿಡಿ. ಏಕೆಂದರೆ ಇವತ್ತು ಕೊಂಡಿ ಹಾಕಿದರೂ ಇನ್ನೊಂದು ವಿಂಡೋಸ್ ಬಂದಾಗ ಅದು ಮತ್ತೆ ಕಳಚಬಹುದು. ಯೂನಿಕೋಡ್‌ನಲ್ಲಿರುವ ಬರಹಕ್ಕೆ ಕೊಂಡಿಯೇ ಬೇಕಾಗುವುದಿಲ್ಲ.

ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ

- ವರ್ಚುವಲ್ ಮಷಿನ್ ತೆರೆಯದಿದ್ದರೆ ಫಾರ್ಮ್ಯಾಟ್ ಮಾಡಿಸಬೇಡಿ, ಮಷಿನ್ ಅಳಿಸಬೇಡಿ.
- ಇಡೀ ಫೋಲ್ಡರನ್ನು ಬೇರೆ ಡಿಸ್ಕಿಗೆ ನಕಲು ಮಾಡಿ. ‘ವಿಂಡೋಸ್.ಓಲ್ಡ್’ ಇದ್ದರೆ ಇವತ್ತೇ ನೋಡಿ.
- ಬಯಾಸ್ ಮುಟ್ಟುವ ಮುನ್ನ ಬಿಟ್‌ಲಾಕರ್ ಕೀ ಬರೆದಿಟ್ಟುಕೊಳ್ಳಿ.
- ವರ್ಚುವಲೈಸೇಷನ್ ಚಾಲೂ ಇದೆಯೇ ನೋಡಿ, ತಂತ್ರಾಂಶದ ಹೊಸ ಆವೃತ್ತಿ ಹಾಕಿ.
- ಎಕ್ಸ್‌ಪಿಗೆ ಇಂಟರ್ನೆಟ್ ಕೊಡಬೇಡಿ.
- ಮುಖ್ಯವಾದ ಬರಹಗಳನ್ನು ಯೂನಿಕೋಡ್‌ಗೆ ಬದಲಿಸಿಡಿ.